ನದಿಯ ತೂಬು ಎತ್ತಿದವರು ಯಾರು

ನೀರಿನ ಸಹವಾಸ ನನಗೆ ಮೊದಲಿಂದಲೂ ಹಿಂಗೇ. ನನ್ನ ಪಾಡಿಗೆ ನಾನು ದಡದಲ್ಲಿ ನಿಂತಿರ್ತೀನಿ, ಅದೇ ಹುಡುಕಿಕೊಂಡು ಬಂದು ಏನಾದರೂ ಒಂದು ಫಜೀತಿ ತಂದಿಡುತ್ತೆ. ದೊಡ್ಡಬಳ್ಳಾಪುರ ತಾಲ್ಲೂಕಿನಂಥ ಬಯಲುಸೀಮೆಯಲ್ಲಿ ಹುಟ್ಟಿ, ಬಾವಿ ನೀರು ಕುಡಿದು ಬೆಳೆದವನಿಗೆ ನೀರಿನಿಂದಲೇ ಇಷ್ಟು ಮರ್ಯಾದೆ ಹೋಗೋದು ಅಂದರೆ ಹಣೆಬರಹ ಅನ್ನದೆ ಇನ್ನೇನು ಅನ್ನಲಿ? ಬೇರೆಲ್ಲಾ ಬಿಡಿ, ಆ ನಾಲ್ಕು ದಿನದ ತರಬೇತಿ ಒಂದನ್ನ ಹೇಳ್ತೀನಿ.

೧. ಚೆನ್ನಾಗಿ ಬರುತ್ತದೆ

ತೊಂಬತ್ತರ ದಶಕದ ಶುರುವಿನ ಮಾತು. ದೊಡ್ಡಬೆಳವಂಗಲದ ಕಡೆ ನಮ್ಮೂರು. ಊರ ಕೆರೆಗೆ ಒಂದು ಮೀನುಗಾರರ ಸಂಘ ಇತ್ತು, ಇಪ್ಪತ್ತೆರಡು ಜನ ಸದಸ್ಯರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಅನ್ನೋ ಒಂದೇ ತಪ್ಪಿಗೆ ನನ್ನನ್ನ ಸೆಕ್ರೆಟರಿ ಮಾಡಿದ್ದರು. ಅಧ್ಯಕ್ಷರು ನೇಕಾರರು. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಹಾಕಿ ಸೀರೆ ನೇಯಿಸ್ತಿದ್ದರು, ಭಾನುವಾರ ಬಂದು ಕೆರೆಗೆ ಗಾಳ ಹಾಕೋ ಹುಚ್ಚು. ಮೇಲಿನವರ ಹತ್ತಿರ ಮಾತಾಡೋಕೆ ಇಸ್ತ್ರಿ ಷರ್ಟಿನವರು ಒಬ್ಬರು ಇರಲಿ ಅಂತ ಸದಸ್ಯರೇ ಅವರನ್ನ ಕುರ್ಚಿ ಮೇಲೆ ಕೂರಿಸಿದ್ದರು.

ಹಿಂದಿನ ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಿತ್ತು. ನಮ್ಮ ಹಳೇ ಹರಿಗೋಲು ನಡುಕೆರೆಯಲ್ಲಿ ತಳ ಕಿತ್ತುಕೊಂಡು ಇಬ್ಬರು ಸದಸ್ಯರು ಬಲೆಗೆ ಸಿಕ್ಕಿಕೊಂಡರು. ಅರವತ್ತು ದಾಟಿದ ನೀರುಗಂಟಿ ತಾತ, ಅಂದರೆ ಕೆರೆ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡೋ ಮುದುಕ, ಈಜಿಕೊಂಡು ಹೋಗಿ ಇಬ್ಬರನ್ನೂ ಎಳೆದು ತಂದ. ಸೆಕ್ರೆಟರಿಯಾದ ನಾನು ಏರಿ ಮೇಲೆ ನಿಂತು ಕೂಗಾಡಿದೆ. ಯಾಕೆಂದರೆ ನನಗೆ ಈಜು ಬರ್ತಿರಲಿಲ್ಲ. ಈ ವಿಷಯ ನನ್ನ ಹೆಂಡತಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಆವತ್ತು ರಾತ್ರಿ ನನಗೆ ಅನ್ನ ಇಳಿಯಲಿಲ್ಲ, ನಿಜ ಹೇಳ್ತೀನಿ, ಅಷ್ಟು ನಾಚಿಕೆ ಆಗಿತ್ತು.

ಆಮೇಲೆ ಒಳ್ಳೇದೊಂದು ದೋಣಿ ಕೊಡಿ ಅಂತ ಮೀನುಗಾರಿಕೆ ಇಲಾಖೆಗೆ ಅರ್ಜಿ ಹಾಕಿದ್ವಿ. ಮೇಲಿಂದ ಕಾಗದ ಬಂತು. ಸಂಘದಿಂದ ಮೂರು ಜನ ಕರಾವಳಿಗೆ ಹೋಗಿ, ಉಬ್ಬರವಿಳಿತದ ದೊಡ್ಡ ನದಿಯಲ್ಲಿ ಸಣ್ಣ ದೋಣಿಯಿಂದ ಜೋಪಾನವಾಗಿ ಮೀನು ಹಿಡಿಯೋದು ಹೇಗೆ ಅಂತ ಕಲಿತು ಬರಬೇಕು. ಮೂವರೂ ಪಾಸಾದರೆ ಹೊಸ ಫೈಬರ್ ದೋಣಿ. ಒಬ್ಬ ಫೇಲಾದರೂ ದೋಣಿ ಇಲ್ಲ. ನಮ್ಮ ಕಡೆ ನದಿ ಅಂದರೆ ಅರ್ಕಾವತಿ, ಅದರ ಮರಳಲ್ಲಿ ನಾವು ಕಬಡ್ಡಿ ಆಡಿದವರು. ಉಬ್ಬರ ಅನ್ನೋದನ್ನ ಹೊಟ್ಟೆ ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದವರಲ್ಲ.

ಅಧ್ಯಕ್ಷರು, ನೀರುಗಂಟಿ ತಾತ, ನಾನು ಅಂತ ತೀರ್ಮಾನ ಆಯ್ತು. ಫಾರಂ ತುಂಬೋ ಕೆಲಸ ನನ್ನದೇ ತಾನೇ. ‘ಈಜು ಬರುತ್ತದೆಯೇ?’ ಅಂತ ಒಂದು ಪ್ರಶ್ನೆ. ಅಧ್ಯಕ್ಷರಿಗೆ ‘ಬರುತ್ತದೆ’ ಅಂತ ಬರೆದೆ, ತಾತನಿಗೂ ‘ಬರುತ್ತದೆ’ ಅಂತ ಬರೆದೆ. ನನ್ನ ಫಾರಂಗೆ ಬಂದಾಗ ಪೆನ್ನು ನಿಂತುಹೋಯ್ತು. ಅಷ್ಟರಲ್ಲಿ ಅಧ್ಯಕ್ಷರು ಹಿಂದಿನಿಂದ ಬಗ್ಗಿ, ಯಾಕಪ್ಪಾ ನಿಲ್ಲಿಸಿಬಿಟ್ಟೆ ಅಂದರು. ಗಾಬರಿಯಲ್ಲಿ ‘ಚೆನ್ನಾಗಿ ಬರುತ್ತದೆ’ ಅಂತ ಬರೆದುಬಿಟ್ಟೆ.

೨. ಮಾದರಿ ಶಿಷ್ಯ

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಘಾಟಿ ಇಳಿದು, ಕುಂದಾಪುರದ ಕಡೆ ಒಂದು ಊರು ಸೇರಿಕೊಂಡ್ವಿ. ನದಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದೆ. ಆಚೆ ದಡದ ತೆಂಗಿನಮರ ಬೆರಳಷ್ಟು ಕಾಣ್ತಿದ್ದವು. ನಮ್ಮೂರ ಕೆರೆಯಂಥದ್ದು ಹತ್ತು ತಂದು ಸುರಿದರೂ ತುಂಬೋ ನದಿ ಅಲ್ಲ ಅದು.

ತಾತ ಮಾತ್ರ ನೆಟ್ಟಗೆ ನೀರಿಗಿಳಿದು ಬೊಗಸೆ ತುಂಬ ಎತ್ತಿ ಬಾಯಿಗೆ ಹಾಕಿಕೊಂಡ. ತಕ್ಷಣ ಉಗಿದ. ಅಲ್ಲೇ ನಿಂತಿದ್ದ ತರಬೇತಿ ಮೇಷ್ಟ್ರನ್ನ, ಇಷ್ಟು ಉಪ್ಪು ನೀರನ್ನ ಗದ್ದೆಗೆ ಬಿಟ್ಟರೆ ಬೆಳೆ ಏಳುತ್ತಾ, ನಿಮ್ಮೂರಲ್ಲಿ ಕೇಳೋರು ಯಾರೂ ಇಲ್ವಾ ಅಂತ ವಿಚಾರಿಸಿಕೊಂಡ. ಮೇಷ್ಟ್ರು ಐವತ್ತರ ಸಣಕಲು ಮನುಷ್ಯ, ನಗೋದು ಕಮ್ಮಿ. ಒಂದು ಗಳಿಗೆ ತಾತನ ಮುಖ ನೋಡಿ, ಮೂವರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ದೋಣಿ ಹತ್ತಿದ ಮೇಲೆ ಇದನ್ನ ಬಿಚ್ಚುವ ಹಾಗಿಲ್ಲ ಅಂದರು.

ಅಧ್ಯಕ್ಷರಿಗೆ ಅದನ್ನ ಮೇಲೆ ಹಾಕಿಕೊಂಡರೆ ಇಸ್ತ್ರಿ ಕಾಣಲ್ಲ ಅನ್ನೋ ಚಿಂತೆ. ಷರ್ಟಿನ ಒಳಗೆ ಹಾಕಿಕೊಂಡು ಗುಂಡಿ ಹಾಕೋಕೆ ಹೋಗಿ ಎರಡು ಗುಂಡಿ ಹಾರಿಸಿಕೊಂಡರು. ತಾತ, ನಲವತ್ತು ವರ್ಷ ಕೆರೆ ಕಾದವನಿಗೆ ಈ ದಿಂಬು ಯಾಕೆ ಅಂತ ತಲೆ ಕೆಳಗೆ ಇಟ್ಟುಕೊಂಡು ಮಲಗಿದ. ನಾನು ಹಾಕಿಕೊಂಡವನು ಬಿಚ್ಚಲೇ ಇಲ್ಲ. ದೋಣಿಯಲ್ಲೂ ಅದೇ, ದಡದಲ್ಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ತಟ್ಟೆ ಕಾಣದೆ ಸಾರು ಎಲ್ಲಾ ಜಾಕೆಟ್ ಮೇಲೆ ಹೋಗ್ತಿತ್ತು. ಬಾವಿಕಟ್ಟೆ ಹತ್ತಿರ ಕೈ ತೊಳೆಯೋಕೆ ಹೋಗುವಾಗಲಂತೂ ದಾರ ಇನ್ನೊಂದು ಸಲ ಬಿಗಿ ಮಾಡಿಕೊಳ್ತಿದ್ದೆ.

ಮೇಷ್ಟ್ರು ಮಿಕ್ಕ ಶಿಬಿರಾರ್ಥಿಗಳನ್ನೆಲ್ಲಾ ಕರೆದರು. ಅವರೆಲ್ಲಾ ಅಲ್ಲಿನವರೇ, ನೀರಲ್ಲೇ ಹುಟ್ಟಿದವರು. ಅವರ ಮುಂದೆ ನನ್ನನ್ನ ನಿಲ್ಲಿಸಿ, ಸುರಕ್ಷತೆ ಅಂದರೆ ಎಂತ ಅಂತ ಬಯಲುಸೀಮೆಯವರಿಂದ ಕಲಿಯಬೇಕು, ಇವರೇ ನಮ್ಮ ಮಾದರಿ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಸಾರು ಒರೆಸಿಕೊಂಡು ಕೈ ಮುಗಿದೆ.

೩. ನೇಕಾರರ ಗಂಟು

ಮೊದಲನೇ ದಿನವೇ ದೋಣಿ ಕಟ್ಟೋದನ್ನ ಹೇಳಿಕೊಟ್ಟರು. ಬೆಳಗ್ಗೆ ಎಂಟಕ್ಕೆ ನೀರು ತುಂಬ್ಕೊಂಡು, ದೋಣಿ ನಿಲ್ಲಿಸೋ ದಕ್ಕೆಯ ಮೇಲಿನ ಕಂಬದ ಹತ್ತಿರಕ್ಕೇ ಬಂದಿತ್ತು. ಕಂಬಕ್ಕೆ ಹಗ್ಗ ಸುತ್ತಿ, ಎರಡು ಮಾರು ಸಡಿಲ ಬಿಟ್ಟು ಕಟ್ಟಿ ಅಂತ ಮೇಷ್ಟ್ರು ಹೇಳಿದರು. ಅಧ್ಯಕ್ಷರಿಗೆ ಅದು ಸರಿಕಾಣಲಿಲ್ಲ. ಮಗ್ಗದ ಮುಂದೆ ಮೂವತ್ತು ವರ್ಷ ಕಳೆದವರು ಅವರು. ಎಳೆ ಸಡಿಲ ಬಿಟ್ಟರೆ ಸೀರೆ ಕೆಡುತ್ತೆ, ಇನ್ನು ದೋಣಿ ಉಳಿಯುತ್ತಾ ಅಂತ ನನ್ನ ಕಿವಿಯಲ್ಲಿ ಗೊಣಗಿದರು. ಮೇಷ್ಟ್ರು ಅತ್ತ ತಿರುಗಿದ್ದೇ ತಡ, ಹಗ್ಗ ಎಳೆದು ಬಿಗಿ ಮಾಡಿ, ಕಡಿದ ಎಳೆಗೆ ನೇಕಾರರು ಹಾಕೋ ಗಂಟನ್ನ ಹಾಕಿದರು. ಹಾಕಿ ಒಂದು ಸಲ ಬೆರಳಲ್ಲಿ ಮೀಟಿ ನೋಡಿದರು. ಹಗ್ಗ ಟಣ್ ಅಂತು.

ಆಮೇಲೆ ಶೆಡ್ಡಲ್ಲಿ ಪಾಠ, ಒಂದು ಗಂಟೆಗೆ ಕುಚ್ಚಲಕ್ಕಿ ಊಟ. ಎರಡು ಗಂಟೆಗೆ ವಾಪಸ್ ಬಂದು ನೋಡ್ತೀವಿ, ನದಿ ಒಂದಾಳು ಕೆಳಗೆ ಇಳಿದುಬಿಟ್ಟಿದೆ. ಬೇರೆಯವರ ದೋಣಿಗಳೆಲ್ಲಾ ನೀರಿನ ಜೊತೆ ಇಳಿದು ಕೆಸರಲ್ಲಿ ಹಾಯಾಗಿ ಕೂತಿವೆ. ನಮ್ಮದೊಂದು ಮಾತ್ರ ಮೂತಿ ಮೇಲೆ ಮಾಡಿಕೊಂಡು ಕಂಬಕ್ಕೆ ನೇತಾಡ್ತಿದೆ. ಅದರಲ್ಲಿದ್ದ ಹುಟ್ಟು, ಬಲೆ, ಅಧ್ಯಕ್ಷರ ಹೊಸ ಚಪ್ಪಲಿ ಎಲ್ಲಾ ಕೆಳಗೆ ಸುರಿದುಹೋಗಿವೆ.

ಮೇಷ್ಟ್ರು ಗಂಟು ಬಿಚ್ಚೋಕೆ ನೋಡಿದರು, ಆಗಲಿಲ್ಲ. ಇನ್ನಿಬ್ಬರು ಬಂದರು, ಅವರ ಕೈಲೂ ಆಗಲಿಲ್ಲ. ಕಡೆಗೆ ಕತ್ತಿ ತಂದು ಹಗ್ಗ ಕಡಿದರು, ದೋಣಿ ಧೊಪ್ ಅಂತ ಕೆಸರಿಗೆ ಬಿತ್ತು. ಇಷ್ಟೆಲ್ಲಾ ಆದಮೇಲೆ ತಲೆ ತಗ್ಗಿಸಿ ನಿಲ್ತಾರೆ ಅಂದುಕೊಂಡರೆ, ಅಧ್ಯಕ್ಷರು ಎಲ್ಲರ ಕಡೆ ಒಂದು ಸಲ ನೋಡಿ, “ಬೇರೆ ಏನಾದ್ರೂ ಅನ್ನಿ, ಗಂಟು ಮಾತ್ರ ಬಿಚ್ಚಲಿಲ್ಲ ನೋಡಿದ್ರಾ” ಅಂದರು.

೪. ತಾತ ತೂಬು ಮುಚ್ಚಿಸಿ ಬಂದಿದ್ದು

ನಾವು ದೋಣಿ ಜೊತೆ ಹೆಣಗಾಡ್ತಿದ್ದಾಗ ತಾತ ದಡದಲ್ಲೇ ನಿಂತು ನದಿಯನ್ನೇ ನೋಡ್ತಿದ್ದ. ಬೆಳಗ್ಗೆ ತುಂಬಿದ್ದ ನೀರು ಮಧ್ಯಾಹ್ನಕ್ಕೆ ಇಲ್ಲ. ನಲವತ್ತು ವರ್ಷದ ಅನುಭವದಲ್ಲಿ ಇದಕ್ಕೆ ಅವನಿಗೆ ಗೊತ್ತಿದ್ದ ಕಾರಣ ಒಂದೇ.

“ಸೆಕ್ರೆಟ್ರಿ, ಯಾವನೋ ಕಳ್ಳ ತೂಬು ಎತ್ತವ್ನೆ” ಅಂದ.

ನನಗೂ ಆಗ ಸಂಗತಿ ಪೂರ್ತಿ ಗೊತ್ತಿರಲಿಲ್ಲ. ಪಾಠದಲ್ಲಿ ಮೇಷ್ಟ್ರು ಚಂದ್ರ, ಸಮುದ್ರ ಅಂತ ಏನೋ ಹೇಳಿದ್ದರು, ನಾನು ನನ್ನ ಪ್ರಾಣದ ಚಿಂತೆಯಲ್ಲಿ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ತಾತನಂತೂ ಪಾಠ ಮುಗಿಯೋ ತನಕ ಜಾಕೆಟ್ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದ. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನೀರು ಹೋದ ದಿಕ್ಕಿಗೆ ದಡ ಹಿಡಿದು ಹೊರಟೇಬಿಟ್ಟ. ಕೂಗಿದರೂ ತಿರುಗಿ ನೋಡಲಿಲ್ಲ.

ಒಂದು ಗಂಟೆ ನಡೆದಿರಬೇಕು, ನದಿ ಸಮುದ್ರ ಸೇರೋ ಅಳಿವೆಬಾಯಿ ಸಿಕ್ತಂತೆ. ಅಲ್ಲಿ ಒಬ್ಬ ಮುದುಕ ಬೆಸ್ತ ಒಬ್ಬನೇ ಕೂತು ಬಲೆ ಹೆಣೀತಿದ್ದನಂತೆ. ಬೇರೆ ಯಾರೂ ಇಲ್ಲ ಅಂದಮೇಲೆ ಇವನೇ ಇಲ್ಲಿನ ನೀರುಗಂಟಿ ಅಂತ ತಾತ ಲೆಕ್ಕ ಹಾಕಿದ. ನಿಂತ ನಿಲುವಿನಲ್ಲೇ ತರಾಟೆಗೆ ತಗೊಂಡ. ಊರವರನ್ನ ಕೇಳದೆ ಹಾಡುಹಗಲಲ್ಲಿ ತೂಬು ಎತ್ತೋದು ಯಾವ ನ್ಯಾಯ, ಮೇಲುಗಡೆ ದೋಣಿ ನೇತಾಡ್ತಿದೆ, ನೀರು ಅಂದರೆ ನಿಮ್ಮಪ್ಪನ ಮನೆ ಆಸ್ತಿಯಾ ಅಂತ ಅರ್ಧ ಗಂಟೆ ಬುದ್ಧಿ ಹೇಳಿದನಂತೆ. ಆ ಮುದುಕ ಬಲೆಯಿಂದ ತಲೆ ಎತ್ತದೆ ಎಲ್ಲಾ ಕೇಳಿಸಿಕೊಂಡು, ಆಯ್ತು ಮಾರಾಯ್ರೆ, ತಪ್ಪಾಯ್ತು, ಈಗಲೇ ಮುಚ್ಚುತ್ತೇನೆ, ನೀವು ಹೊರಡಿ ಅಂದನಂತೆ.

ತಾತ ವಾಪಸ್ ಬರುವಾಗ ನಾಲ್ಕೂವರೆ. ಅವನ ಹಿಂದೆ ಹಿಂದೆಯೇ ನೀರು ಏರಿಕೊಂಡು ಬರ್ತಿತ್ತು. ಕೆಸರಲ್ಲಿ ಬಿದ್ದಿದ್ದ ನಮ್ಮ ದೋಣಿ ಅಲ್ಲಾಡಿ, ಮೆಲ್ಲಗೆ ತೇಲಿತು. ತಾತ ದೋಣಿ ನೋಡಿದ, ಮೇಷ್ಟ್ರನ್ನ ನೋಡಿದ. “ಒಳ್ಳೇ ಮನುಷ್ಯ ಪಾಪ, ಹೇಳೋರಿರಲಿಲ್ಲ ಅಷ್ಟೇ” ಅಂದ.

೫. ವಂದನಾರ್ಪಣೆ

ಮಾರನೇ ದಿನ, ಅದರ ಮಾರನೇ ದಿನ ನೀರು ಮತ್ತೆ ಇಳೀತು. ತಾತ ಎರಡು ದಿನವೂ ಅಳಿವೆಗೆ ಹೋಗಿಬಂದ. ಅಷ್ಟೊತ್ತಿಗೆ ಜಗಳ ಹೋಗಿ ಇಬ್ಬರು ಮುದುಕರಿಗೂ ಎಲೆ ಅಡಿಕೆ ಸ್ನೇಹ ಆಗಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹುಟ್ಟು ಹಾಕೋದು ಬಂತು, ಅಡ್ಡಲೆ ಬಂದಾಗ ದೋಣಿ ಮೂತಿ ತಿರುಗಿಸೋದು ಬಂತು, ಬಲೆ ಎಸೆಯುವಾಗ ಎದ್ದು ನಿಲ್ಲಬಾರದು ಅನ್ನೋದು ಗೊತ್ತಾಯ್ತು. ಜಾಕೆಟ್ ಇದ್ದರೆ ನಾನೂ ಗಂಡಸೇ ಅನ್ನೋ ಧೈರ್ಯ ಬಂದಿತ್ತು.

ಮೂರನೇ ದಿನ ಮಧ್ಯಾಹ್ನ ಮೇಷ್ಟ್ರು ಹೇಳಿದರು, ನಾಳೆ ಒಂದೂವರೆಗೆ ಪರೀಕ್ಷೆ. ದಡದಿಂದ ಮೂವತ್ತು ಮಾರು ದೂರದಲ್ಲಿ ನೀರೊಳಗೆ ಒಂದು ಗೂಟ ನೆಟ್ಟಿದ್ದರು, ಅಲ್ಲಿ ದೋಣಿ ನಿಲ್ಲಿಸಿ ಧುಮುಕಬೇಕು, ದಡ ಸೇರಬೇಕು. ಜಾಕೆಟ್ ಇಲ್ಲದೆ.

ಜಾಕೆಟ್ಟಿನ ದಾರ ಗಟ್ಟಿಯಾಗಿ ಹಿಡಿದುಕೊಂಡೆ. ಪ್ರಾಣದ ಆಸೆ ಇರಲಿ, ನಾನು ಫೇಲಾದರೆ ಇಪ್ಪತ್ತೆರಡು ಜನಕ್ಕೂ ದೋಣಿ ಇಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ತೇಪೆ ಹರಿಗೋಲು, ಮತ್ತೆ ನಾನು ಏರಿ ಮೇಲೆ ನಿಂತು ಕೂಗೋದು. ಟೀ ಕುಡಿಯೋ ಹೊತ್ತಿಗೆ ತಡೆಯೋಕಾಗದೆ ತಾತನ ಹತ್ತಿರ ಎಲ್ಲಾ ಹೇಳಿಕೊಂಡುಬಿಟ್ಟೆ. ಬೈತಾನೆ ಅಂದುಕೊಂಡಿದ್ದೆ. ತಾತ ಲೋಟ ಕೆಳಗಿಟ್ಟು, “ಇಷ್ಟೇನಾ? ಮೊದ್ಲೇ ಹೇಳಬಾರ್ದಾ. ನೀರು ತೆಗೆಸಿಬಿಟ್ರೆ ಆಯ್ತಲ್ಲ” ಅಂದ. ಟವೆಲ್ ಕೊಡವಿ ಅಳಿವೆ ಕಡೆ ಹೊರಟ.

ಸಂಜೆ ಸಮಾಚಾರ ತಂದ. ಆ ಮುದುಕ ಬೆರಳು ಮಡಚಿ ಲೆಕ್ಕ ಹಾಕಿ, ನಾಳೆ ನಾಲ್ಕೂವರೆಗೆ ಪೂರ್ತಿ ತೆಗೆಸಿಕೊಡ್ತೇನೆ, ಅಲ್ಲಿಯವರೆಗೆ ಹೇಗಾದರೂ ತಡೆಯಿರಿ ಅಂದಿದ್ದನಂತೆ. ತಡೆಯೋದು ಹೇಗೆ? ತಾತ ಅಧ್ಯಕ್ಷರಿಗೂ ಹೇಳಿಬಿಟ್ಟಿದ್ದ. ಅಧ್ಯಕ್ಷರು ನನ್ನ ಮುಖ ನೋಡಿದರು, ಫಾರಂ ನೆನಪಾಯ್ತೋ ಏನೋ. ಉಳಿದ ಗುಂಡಿಗಳನ್ನ ಮುಟ್ಟಿ ನೋಡಿಕೊಂಡರು.

ಮಾರನೇ ದಿನ ಒಂದೂವರೆಗೆ ಎಲ್ಲರೂ ದಡಕ್ಕೆ ಬಂದ್ವಿ. ಅಧ್ಯಕ್ಷರು ಮುಂದೆ ಬಂದು, ಪರೀಕ್ಷೆಗೆ ಮೊದಲು ನಮ್ಮ ತಾಲ್ಲೂಕಿನ ಪರವಾಗಿ ಎರಡು ಮಾತು ವಂದನಾರ್ಪಣೆ ಮಾಡಬೇಕು ಅಂದರು. ಮೇಷ್ಟ್ರು ಆಗಲಿ ಅಂದರು. ಅಧ್ಯಕ್ಷರು ಭೂಮಿತಾಯಿಯಿಂದ ಶುರು ಮಾಡಿ ಅರ್ಕಾವತಿಗೆ ಬಂದರು. ಅಲ್ಲಿಂದ ಕೈಮಗ್ಗ, ಪವರ್‌ಲೂಮ್, ಕರೆಂಟ್ ಹೋದಾಗಿನ ಕಷ್ಟ, ಸೀರೆ ಅಂಚಿನ ಬಣ್ಣ. ಮೂರು ಗಂಟೆಗೆ ಅಡುಗೆಯವರಿಗೆ ವಂದನೆ ಸಲ್ಲಿಸಿದರು. ಮೂರೂವರೆಗೆ ಕುಚ್ಚಲಕ್ಕಿಗೂ ಸಲ್ಲಿಸಿದರು. ನಾಲ್ಕು ಗಂಟೆಗೆ ಗಂಟಲು ಕಟ್ಟಿಹೋಗಿ ನೀರು ಕೇಳಿದರು. ತಂಬಿಗೆ ತರೋಕೆ ಹೊರಟವನನ್ನ ತಾತ ತಡೆದು, “ನಿಧಾನವಾಗಿ ತಾರಪ್ಪಾ, ಅವಸರ ಏನಿಲ್ಲ” ಅಂದ.

೬. ಮೂವತ್ತು ಮಾರು

ಕಡೆಗೂ ನನ್ನ ಸರದಿ ಬಂದಾಗ ಐದು ಗಂಟೆಯ ಹತ್ತಿರ. ದೋಣಿ ಗೂಟದ ಹತ್ತಿರ ನಿಂತಿತು. ಜಾಕೆಟ್ ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟೆ. ನಾಲ್ಕು ದಿನದಿಂದ ಮೈಗೆ ಅಂಟಿಕೊಂಡಿದ್ದು, ಚರ್ಮ ಸುಲಿದುಕೊಟ್ಟ ಹಾಗೆ ಅನ್ನಿಸ್ತು. ತೂಬು ಗೀಬು ಅನ್ನೋದನ್ನ ನಾನು ನಂಬಿರಲಿಲ್ಲ, ಕೆಳಗೆ ನೀರು ಮಣ್ಣಿನ ಬಣ್ಣಕ್ಕೆ ಇತ್ತು, ಆಳ ಎಷ್ಟೋ ದೇವರಿಗೇ ಗೊತ್ತು. ಹೆಂಡತಿ ನೆನಪಾದಳು, ಮನೆದೇವರು ನೆನಪಾಯ್ತು. ಕಣ್ಣು ಮುಚ್ಚಿ ಬಿದ್ದೆ.

ಬಿದ್ದವನು ಕೈಕಾಲು ಬಡಿಯೋಕೆ ಶುರು ಮಾಡಿದೆ. ಬಡಿದೆ, ಬಡಿದೆ, ಉಸಿರು ಹೋಗೋ ತನಕ ಬಡಿದೆ. ಬಾಯಿಗೆ ಉಪ್ಪು, ಮೂಗಿಗೆ ಕೆಸರು. ಇನ್ನೇನು ಮುಗೀತು ಅಂದುಕೊಳ್ಳುವಾಗ ದಡದಿಂದ ಜೋರು ನಗು ಕೇಳಿಸ್ತು. ಕಣ್ಣು ಬಿಟ್ಟೆ. ನಾನು ಮಂಡಿ ಊರಿಕೊಂಡು ಕೂತಿದ್ದೆ, ನೀರು ಹೊಕ್ಕುಳಿಗೂ ಬಂದಿರಲಿಲ್ಲ. ದೋಣಿಯಿಂದ ಒಂದು ಮಾರೂ ಮುಂದೆ ಹೋಗಿರಲಿಲ್ಲ.

ಎದ್ದು ನಿಂತೆ. ಬೇರೆ ದಾರಿ ಇರಲಿಲ್ಲ, ಮೊಣಕಾಲುದ್ದ ನೀರಲ್ಲಿ ಪಂಚೆ ಎತ್ತಿಕೊಂಡು ನಡೆದೆ. ಮೂವತ್ತು ಮಾರು ಮೂವತ್ತು ಮೈಲಿ ಆಯ್ತು. ಹಿಂದಿನಿಂದ ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಇಳಿದುಬಂದರು. ಇನ್ನು ಸುಳ್ಳು ಹೇಳೋಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ಸಾರ್, ನನಗೆ ಈಜು ಬರಲ್ಲ, ಫಾರಂನಲ್ಲಿ ಬರೆದದ್ದು ಸುಳ್ಳು, ಫೇಲ್ ಮಾಡೋದಾದರೆ ನನ್ನನ್ನ ಮಾಡಿ, ನಮ್ಮೂರಿಗೆ ದೋಣಿ ತಪ್ಪಿಸಬೇಡಿ ಅಂದೆ.

“ಊಟಕ್ಕೆ ಕೂತಾಗ ಜಾಕೆಟ್ ಹಾಕಿದವರಿಗೆ ಈಜು ಬರುದಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಾಗಿದೆ” ಅಂದರು ಮೇಷ್ಟ್ರು. “ಈ ನದಿಯಲ್ಲಿ ನಾನು ಹೆಣ ತೆಗೆದದ್ದೆಲ್ಲ ಚೆನ್ನಾಗಿ ಈಜು ಬರ್ತಿದ್ದವರದ್ದು. ಹೆದರಿಕೆ ಇದ್ದವರದ್ದು ಒಂದೂ ಇಲ್ಲ.”

ದೋಣಿ ಬರೋಕೆ ಮೂರು ತಿಂಗಳಾಗುತ್ತೆ, ಅಷ್ಟರೊಳಗೆ ನಿಮ್ಮ ಕೆರೆಯಲ್ಲೇ ಈಜು ಕಲಿತು ಕಾಗದ ಬರೆಯಬೇಕು, ಆಮೇಲೆಯೇ ನನ್ನ ರುಜು ಅಂದರು. ತಲೆ ಅಲ್ಲಾಡಿಸಿದೆ. ಅವರು ಪುಸ್ತಕ ತೆಗೆದು, ನನ್ನ ಹೆಸರಿನ ಮುಂದೆ ಪೆನ್ಸಿಲಲ್ಲಿ ಒಂದೇ ಸಾಲು ಬರೆದರು. ಬಗ್ಗಿ ನೋಡಿದೆ. ‘ದಡ ಸೇರಿದರು. ಮುಳುಗಲಿಲ್ಲ.’

೭. ಕಾರ್ಡು

ಮೂವತ್ತೆಂಟನೇ ವಯಸ್ಸಲ್ಲಿ ಬೆನ್ನಿಗೆ ಎರಡು ಸೋರೆಬುರುಡೆ ಕಟ್ಟಿಕೊಂಡು ನಮ್ಮ ಕೆರೆಗಿಳಿದೆ. ಏರಿ ಮೇಲೆ ಊರೇ ನೆರೆದಿತ್ತು, ಮುಂದಿನ ಸಾಲಲ್ಲಿ ನನ್ನ ಹೆಂಡತಿ. ತಾತ ಹೊಟ್ಟೆ ಕೆಳಗೆ ಕೈ ಕೊಟ್ಟು ಕಲಿಸಿದ. ಎರಡು ತಿಂಗಳು ಕೆರೆ ನೀರು ಕುಡಿದು ಕಲಿತೆ, ಕಾಗದ ಬರೆದೆ, ದೋಣಿ ಬಂತು. ನೀಲಿ ಬಣ್ಣದ ದೋಣಿ ಕೆರೆಗೆ ಇಳಿದ ದಿನ ಇಪ್ಪತ್ತೆರಡು ಜನರೂ ಒಬ್ಬೊಬ್ಬರಾಗಿ ಅದನ್ನ ಮುಟ್ಟಿ ನೋಡಿದರು. ನಾನು ಯಾರಿಗೂ ಕಾಣದ ಹಾಗೆ ಟವೆಲಲ್ಲಿ ಮುಖ ಒರೆಸಿಕೊಂಡೆ.

ಆಮೇಲೆ ಒಂದು ದಿನ ಪುರಸೊತ್ತಲ್ಲಿ ಕೂತು ತಾತನಿಗೆ ನಿಜ ಹೇಳಿದೆ. ನದಿಗೆ ತೂಬು ಇರಲ್ಲ, ಚಂದ್ರ ಎಳೆದಾಗ ಸಮುದ್ರ ಏರುತ್ತೆ, ಬಿಟ್ಟಾಗ ಇಳಿಯುತ್ತೆ ಅಂತ ಮೇಷ್ಟ್ರು ಹೇಳಿದ್ದನ್ನೆಲ್ಲಾ ಬಿಡಿಸಿ ಹೇಳಿದೆ. ತಾತ ಪೂರ್ತಿ ಕೇಳಿಸಿಕೊಂಡ. “ಚಂದ್ರನೋ ಗಿಂದ್ರನೋ, ನಿನ್ನ ಪಾಸ್ ಮಾಡ್ಸಕ್ಕೆ ಹೋಗಿದ್ದು ನಾನು ಕಣಪ್ಪಾ. ಅವನಿಗೊಂದು ಕಾಗದ ಬರಿ, ತೂಬು ಹೆಂಗೈತೆ ಅಂತ ಕೇಳು” ಅಂದ. ಉಪಕಾರ ತಿಂದವನು ಏನು ಮಾಡಲಿ, ಅಳಿವೆಬಾಯಿ ಮುದುಕರಿಗೆ ತಲುಪಿಸಿ ಅಂತ ಮೇಷ್ಟ್ರ ವಿಳಾಸಕ್ಕೆ ಬರೆದೆ.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಅಕ್ಷರ ಮೇಷ್ಟ್ರದ್ದು, ಮಾತು ಆ ಮುದುಕಂದು. ತಾತನ ಮುಂದೆ ಕೂತು ಓದಿದೆ. ‘ಇಲ್ಲಿ ಕ್ಷೇಮ. ತೂಬು ಗಟ್ಟಿಯಾಗಿ ಉಂಟು. ನೀವು ಹೇಳಿದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ, ದಿನಕ್ಕೆ ಎರಡು ಸಲ ಎತ್ತಿ ಎರಡು ಸಲ ಮುಚ್ಚುತ್ತಿದ್ದೇನೆ. ಏನೂ ಚಿಂತೆ ಬೇಡ.’

ತಾತ ಕಾರ್ಡು ಈಸಿಕೊಂಡು, ಓದೋಕೆ ಬರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದ. ನನ್ನ ಕೈಗೆ ವಾಪಸ್ ಕೊಟ್ಟ.

“ವಯಸ್ಸಾದೋನು, ಪಾಪ. ದಿನಕ್ಕೆ ಒಂದ್ಸಲ ಎತ್ತಿದ್ರೆ ಸಾಕು ಅಂತ ಬರೆದುಬಿಡು.”